ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ನಿಲ್ಲುತ್ತದೆ: ಎರಡು ಹೋಸ್ಟ್‌ಗಳ ವಿಎಂಗಳ ನಡುವೆ ಟನಲ್ ಕೆಟ್ಟಾಗ

ಒಂದು ಹೋಸ್ಟ್‌ನ ವಿಎಂನಿಂದ, ಅಂದರೆ ಅದರೊಳಗೆ ಓಡುವ ವರ್ಚುವಲ್ ಮಷೀನ್‌ನಿಂದ, ಇನ್ನೊಂದು ಹೋಸ್ಟ್‌ನ ವಿಎಂಗೆ ಪಿಂಗ್ ಹೊಡೆದರೆ ಉತ್ತರ ಬರುತ್ತದೆ. ಎಸ್‌ಎಸ್‌ಎಚ್ ಮಾಡಿದರೆ ಕನೆಕ್ಟ್ ಆಗಿ, ಕೀ ಎಕ್ಸ್‌ಚೇಂಜ್ ಹಂತಕ್ಕೆ ಬಂದು, ಪಾಸ್‌ವರ್ಡ್ ಕೇಳುವ ಮೊದಲೇ ನಿಂತುಬಿಡುತ್ತದೆ. ಚಿಕ್ಕ ವೆಬ್ ಪುಟ ತೆರೆದುಕೊಳ್ಳುತ್ತದೆ, ದೊಡ್ಡದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಲಾಗ್ ತೆರೆದರೆ ಏನೂ ಇಲ್ಲ. ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಹೋಸ್ಟ್‌ನಿಂದ ಹೋಸ್ಟ್‌ಗೆ ಸಾಗಿಸುವ ಟನಲ್‌ಗಳ ಕಷ್ಟ ಇರುವುದೇ ಇಲ್ಲಿ: ಪ್ಯಾಕೆಟ್ಟನ್ನು ಎಸೆದ ಜಾಗ ಎಸೆದೆನೆಂದು ಯಾರಿಗೂ ಹೇಳುವುದಿಲ್ಲ. ಹಾಗಾಗಿ ಕಾನ್ಫಿಗರೇಶನ್ ಫೈಲನ್ನು ಹತ್ತು ಸಲ ಓದುವುದಕ್ಕಿಂತ, ಒಂದೇ ಒಂದು ಪ್ಯಾಕೆಟ್ ಹಿಡಿದು ಅದು ಕೊನೆಯದಾಗಿ ಎಲ್ಲಿ ಕಂಡಿತು ಎಂದು ನೋಡುವುದು ಬೇಗ ಮುಗಿಯುವ ದಾರಿ.

ಮಾತು ಸ್ಪಷ್ಟವಾಗಿರಲೆಂದು ಒಂದು ಜೋಡಣೆ ಇಟ್ಟುಕೊಳ್ಳೋಣ. ಮೊದಲ ಹೋಸ್ಟ್‌ನ ವಿಳಾಸ 192.0.2.11, ಎರಡನೆಯದರದ್ದು 192.0.2.22. ಒಳಗಿನ ವಿಎಂಗಳು 10.20.0.1 ಮತ್ತು 10.20.0.2. ಎರಡೂ ಕಡೆ ಲಿನಕ್ಸ್, ಕೆವಿಎಂ. ವಿಎಂನ ಟ್ಯಾಪ್ ಇಂಟರ್‌ಫೇಸ್ (ವಿಎಂ ಕಾರ್ಡ್‌ನ ಹೋಸ್ಟ್ ಕಡೆಯ ತುದಿ) ವಿನೆಟ್0, ಅದು ಸೇರಿರುವ ಬ್ರಿಡ್ಜ್ (ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್) ಬಿಆರ್0, ಅದೇ ಬ್ರಿಡ್ಜ್‌ಗೆ ಸೇರಿಸಿದ ಟನಲ್ ವಿಎಕ್ಸ್‌ಲ್ಯಾನ್100, ಹೊರಗೆ ಹೋಗುವ ಕಾರ್ಡ್ ಈಥ್0. ವಿಎಕ್ಸ್‌ಲ್ಯಾನ್ ಎಂದರೆ ಈಥರ್ನೆಟ್ ಫ್ರೇಮನ್ನು ಯುಡಿಪಿಯೊಳಗೆ ಸುತ್ತುವ ಟನಲ್. ಅದರ ಗುರುತಿನ ಸಂಖ್ಯೆ, ವಿಎನ್‌ಐ, 100. ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್ ಸ್ವಿಚ್, ಜಿನೀವ್, ಜಿಆರ್‌ಇ ಎಂಬ ಬೇರೆ ಬಗೆಯ ಟನಲ್ ಬಳಸುವವರಿಗೂ ಹೆಚ್ಚಿನದೆಲ್ಲ ಹೊಂದುತ್ತದೆ. ಬೇರೆಯಾಗುವ ಕಡೆ ಹೇಳುತ್ತೇನೆ.

ಮೊದಲು ಹೊರ ದಾರಿ

ವಿಎಂ ಒಳಗೆ ಕೂತು ಶುರುಮಾಡಬೇಡಿ. ಹೋಸ್ಟ್‌ನಿಂದ ಹೋಸ್ಟ್‌ಗೆ, ಟನಲ್ ಇಲ್ಲದೆ, ತುಂಬಿದ ಪ್ಯಾಕೆಟ್ ಹೋಗುತ್ತದೆಯೇ ನೋಡಿ. ಪಿಂಗ್ ಕಮಾಂಡಿನ ದೊಡ್ಡಕ್ಷರದ ಎಂ ಆಯ್ಕೆಗೆ ‘ಡು’ ಎಂದು ಕೊಟ್ಟರೆ ದಾರಿಯಲ್ಲಿ ಯಾರೂ ಪ್ಯಾಕೆಟ್ಟನ್ನು ತುಂಡು ಮಾಡುವಂತಿಲ್ಲ. ಚಿಕ್ಕಕ್ಷರದ ಎಸ್ ಆಯ್ಕೆಗೆ 1472 ಕೊಡಿ. ಅದಕ್ಕೆ ಐಸಿಎಂಪಿಯ 8 ಬೈಟ್, ಐಪಿಯ 20 ಬೈಟ್ ಸೇರಿ 1500. ಇದು ಎರಡೂ ದಿಕ್ಕಿನಲ್ಲಿ ಹೋಗಬೇಕು. ವಿಎಂಗಳಿಗೆ 1500 ಎಂಟಿಯು (ಒಮ್ಮೆಗೆ ಕಳಿಸಬಹುದಾದ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ) ಕೊಡಲೇಬೇಕು ಎಂದಿದ್ದರೆ ಹೊರ ದಾರಿ ಕನಿಷ್ಠ 1550 ಹೊರಬೇಕು, ಆಗ ಪಿಂಗ್ ಅಳತೆ 1522. ಎರಡು ಹೋಸ್ಟ್‌ಗಳ ಕಾರ್ಡ್‌ನಲ್ಲಿ 9000 ಎಂದು ಬರೆದುಬಿಟ್ಟರೆ ಸಾಲದು. ನಡುವಿನ ಸ್ವಿಚ್‌ನ ಒಂದೇ ಒಂದು ಪೋರ್ಟ್ 1500ರಲ್ಲಿ ಉಳಿದಿದ್ದರೂ ದೊಡ್ಡ ಪ್ಯಾಕೆಟ್ ಅಲ್ಲೇ ಮಾಯ. ಸ್ವಿಚ್ ಎರಡನೇ ಪದರದ್ದಾದ್ದರಿಂದ ‘ಅಳತೆ ಹೆಚ್ಚಾಯಿತು’ ಎಂಬ ಐಸಿಎಂಪಿ ಉತ್ತರವನ್ನೂ ಕಳಿಸುವುದಿಲ್ಲ.

ಇಲ್ಲೇ ಕೆಟ್ಟಿದ್ದರೆ ಟನಲ್ ಮುಟ್ಟುವ ಕೆಲಸವೇ ಇಲ್ಲ.

ಐವತ್ತು ಬೈಟ್ ಎಲ್ಲಿಗೆ ಹೋಯಿತು

ವಿಎಕ್ಸ್‌ಲ್ಯಾನ್‌ಗೆ 50 ಬೈಟ್ ಬಿಡಬೇಕು ಎಂದು ಎಲ್ಲರಿಗೂ ಗೊತ್ತು, ಅದು ಹೇಗೆ ಬಂತು ಎಂಬುದು ಹಲವರಿಗೆ ಗೊತ್ತಿಲ್ಲ. ಹೊರ ಐಪಿ 20, ಯುಡಿಪಿ 8, ವಿಎಕ್ಸ್‌ಲ್ಯಾನ್ ಹೆಡರ್ 8, ಒಳ ಈಥರ್ನೆಟ್ ಹೆಡರ್ 14. ಹೊರ ಈಥರ್ನೆಟ್ ಹೆಡರ್ ಈ ಲೆಕ್ಕದಲ್ಲಿಲ್ಲ, ಏಕೆಂದರೆ ಎಂಟಿಯು ಅಳೆಯುವುದು ಐಪಿಯಿಂದ ಮುಂದಕ್ಕೆ. ಒಳ ಫ್ರೇಮ್‌ಗೆ ವಿಎಲ್ಯಾನ್ ಟ್ಯಾಗ್ ಇದ್ದರೆ ಇನ್ನು 4. ಹೊರಗೆ ಐಪಿವಿ6 ಆದರೆ ಒಟ್ಟು 70. ಈ ಲೆಕ್ಕ ಕೈಯಲ್ಲಿದ್ದರೆ ಟಿಸಿಪಿಡಂಪ್ (ಹಾಯುವ ಪ್ಯಾಕೆಟ್ ತೋರಿಸುವ ಕಮಾಂಡ್) ಓದುವುದೂ ಸಲೀಸು: ವಿಎಂನಿಂದ ಮಾಮೂಲಿ ಪಿಂಗ್ ಹೊಡೆದಾಗ ಒಳ ಐಪಿ ಪ್ಯಾಕೆಟ್ 84 ಬೈಟ್, ಈಥ್0ದಲ್ಲಿ ಕಾಣುವ ಹೊರ ಐಪಿಯ ಉದ್ದ 134. ಬೇರೆ ಸಂಖ್ಯೆ ಕಂಡರೆ ನಡುವೆ ಇನ್ಯಾವುದೋ ಪದರ ಸೇರಿಕೊಂಡಿದೆ.

ಈಗ ವಿಎಂ ಒಳಗಿನಿಂದ ಅದೇ ತುಂಡಾಗದ ಪಿಂಗ್ ಹೊಡೆಯಿರಿ. ಅಳತೆಯನ್ನು ಇಳಿಸುತ್ತಾ ಹೋಗಿ, ಎಲ್ಲಿಯವರೆಗೆ ಹೋಗುತ್ತದೆ ಎಂಬ ನಿಖರ ಅಂಕಿ ಹುಡುಕಿ. ವಿಎಂನ ಎಂಟಿಯು 1500 ಇರುವಾಗಲೇ ಇದನ್ನು ಮಾಡಬೇಕು. ಇಲ್ಲದಿದ್ದರೆ ವಿಎಂ ತಾನೇ ‘ಉದ್ದ ಹೆಚ್ಚಾಯಿತು’ ಎಂದು ತಡೆಯುತ್ತದೆ, ಹೊರಗಿನದು ಗೊತ್ತಾಗುವುದಿಲ್ಲ. ಸಿಕ್ಕ ಅಂಕಿಯೇ ನಡುವೆ ಯಾರಿದ್ದಾರೆ ಎಂದು ಹೇಳುತ್ತದೆ. 1422ಕ್ಕೆ ನಿಂತರೆ 1450, ಅಂದರೆ 1500ರ ದಾರಿಯ ಮೇಲೆ ಒಂದು ವಿಎಕ್ಸ್‌ಲ್ಯಾನ್. 1434ಕ್ಕೆ ನಿಂತರೆ 1462, ಅದು ಜಿಆರ್‌ಇ ಟ್ಯಾಪ್: ಐಪಿ 20, ಜಿಆರ್‌ಇ 4, ಒಳ ಈಥರ್ನೆಟ್ 14. ಕೀ ಹಾಕಿದ್ದರೆ ಅದರಲ್ಲೂ 4 ಕಡಿಮೆ. 1392 ಬಂದರೆ 1420, ವೈರ್‌ಗಾರ್ಡ್ ಎಂಬ ವಿಪಿಎನ್‌ನ ಮಾಮೂಲಿ ಎಂಟಿಯು. 1342 ಬಂದರೆ ವೈರ್‌ಗಾರ್ಡ್ ಮೇಲೆ ವಿಎಕ್ಸ್‌ಲ್ಯಾನ್. 1372 ಬಂದರೆ ವಿಎಕ್ಸ್‌ಲ್ಯಾನ್ ಒಳಗೆ ಇನ್ನೊಂದು ವಿಎಕ್ಸ್‌ಲ್ಯಾನ್, ವಿಎಂ ಒಳಗೆ ಕಂಟೇನರ್‌ಗಳ ಓವರ್‌ಲೇ ಓಡಿಸಿದಾಗ ಹೀಗಾಗುತ್ತದೆ. 1414 ಮಾತ್ರ ದಾರಿ ತಪ್ಪಿಸಬಲ್ಲ ಅಂಕಿ. ಓವಿಎನ್‌ನ (ಓಪನ್ ವಿಸ್ವಿಚ್ ಮೇಲೆ ಕಟ್ಟಿದ ವರ್ಚುವಲ್ ನೆಟ್‌ವರ್ಕ್ ವ್ಯವಸ್ಥೆ) ಜಿನೀವ್ 8 ಬೈಟ್ ಆಪ್ಷನ್ ಸೇರಿಸಿ 58 ಬೈಟ್ ತಿನ್ನುವುದರಿಂದ 1442 ಉಳಿಯುತ್ತದೆ. ಪಿಪಿಪಿಓಇ (ಬ್ರಾಡ್‌ಬ್ಯಾಂಡ್ ಸಂಪರ್ಕದ ಒಂದು ಬಗೆ) ಲಿಂಕ್‌ನ 1492ರ ಮೇಲೆ ವಿಎಕ್ಸ್‌ಲ್ಯಾನ್ ಹಾಕಿದರೂ ಅದೇ 1442. ಯಾವುದೆಂದು ತಿಳಿಯಲು ಹೊರ ದಾರಿಯ ಪಿಂಗ್‌ಗೆ ಮರಳಿ, ಅಲ್ಲಿ 1472 ಹೋಗುತ್ತದೆಯೋ 1464ಕ್ಕೆ ನಿಲ್ಲುತ್ತದೆಯೋ ನೋಡಿ.

ಪ್ಯಾಕೆಟ್ ಬೀಳುವ ಬಗೆ ಎರಡು ಥರ, ಪರಿಹಾರವೂ ಬೇರೆ. ವಿಎಕ್ಸ್‌ಲ್ಯಾನ್100 ಮಾಡುವಾಗ ಕೆಳಗಿನ ಕಾರ್ಡ್ ಯಾವುದೆಂದು ‘ಡೆವ್ ಈಥ್0’ ಎಂದು ಕೊಟ್ಟಿದ್ದರೆ ಕರ್ನಲ್ ತಾನೇ ಲೆಕ್ಕ ಹಾಕಿ 1450 ಇಡುತ್ತದೆ. ಆದರೆ ವಿಎಂ ಒಳಗಿನ ಕಾರ್ಡ್ ಇನ್ನೂ 1500ರಲ್ಲೇ ಇದೆ. ಅದು ಕಳಿಸಿದ 1500ರ ಪ್ಯಾಕೆಟ್ ವಿನೆಟ್0ದಲ್ಲಿ ಕಾಣುತ್ತದೆ, ವಿಎಕ್ಸ್‌ಲ್ಯಾನ್100ರಲ್ಲಿ ಕಾಣುವುದಿಲ್ಲ. ಬ್ರಿಡ್ಜ್ ತನ್ನ ಹೊರಬಾಗಿಲು ಚಿಕ್ಕದೆಂದು ಸದ್ದಿಲ್ಲದೆ ಎಸೆಯಿತು. ಬ್ರಿಡ್ಜ್ ರೂಟರ್ ಅಲ್ಲವಲ್ಲ, ಮೂಲಕ್ಕೆ ತಿಳಿಸುವ ಹೊಣೆ ಅದಕ್ಕಿಲ್ಲ. ಇನ್ನೊಂದು ಥರದಲ್ಲಿ ‘ಡೆವ್’ ಕೊಡದೆ ಬರೀ ರಿಮೋಟ್ ವಿಳಾಸ ಕೊಟ್ಟು ಟನಲ್ ಮಾಡಿರುತ್ತಾರೆ. ಆಗ ವಿಎಕ್ಸ್‌ಲ್ಯಾನ್100ರ ಎಂಟಿಯು 1500 ಆಗಿಯೇ ಕೂತಿರುತ್ತದೆ. ಒಳ ಪ್ಯಾಕೆಟ್ ಒಪ್ಪಿಗೆಯಾಗುತ್ತದೆ, ಹೊರ ಪ್ಯಾಕೆಟ್ 1550 ಆಗುತ್ತದೆ, ಹೋಸ್ಟ್ ಅದನ್ನು ಎರಡು ತುಂಡು ಮಾಡಿ ಕಳಿಸಬಹುದು. ಎರಡನೇ ತುಂಡಿನಲ್ಲಿ ಯುಡಿಪಿ ಹೆಡರ್ ಇಲ್ಲ, ಆದ್ದರಿಂದ ಪೋರ್ಟ್ ನೋಡಿ ಬಿಡುವ ಫೈರ್‌ವಾಲ್ ಅದನ್ನು ತಡೆಯಬಹುದು. ಎಲ್ಲ ತುಂಡು ಸೇರದೆ ಆಚೆ ಹೋಸ್ಟ್ ಪ್ಯಾಕೆಟ್ ಕಟ್ಟಲಾರದು. ಇದನ್ನು ಹುಡುಕುವಾಗ ಒಂದು ಎಚ್ಚರ: ಟಿಸಿಪಿಡಂಪ್‌ಗೆ ‘ಯುಡಿಪಿ ಪೋರ್ಟ್ 4789’ ಎಂಬ ಫಿಲ್ಟರ್ ಕೊಟ್ಟರೆ ಅದೂ ಮೊದಲ ತುಂಡನ್ನಷ್ಟೇ ತೋರಿಸುತ್ತದೆ. ಫಿಲ್ಟರ್ ಅನ್ನು ‘ಹೋಸ್ಟ್ 192.0.2.22’ ಎಂದಷ್ಟೇ ಇಡಿ, ಆಗ ಎರಡೂ ತುಂಡು ಕಣ್ಣಿಗೆ ಬೀಳುತ್ತವೆ.

ಓಪನ್ ವಿಸ್ವಿಚ್‌ನಲ್ಲಿ ವಿಎಕ್ಸ್‌ಲ್ಯಾನ್_ಸಿಸ್_4789 ಎಂಬ ಇಂಟರ್‌ಫೇಸ್ ಕಂಡು ಅದರ ಎಂಟಿಯು 65000 ಇದೆಯೆಂದು ಸಮಾಧಾನಪಟ್ಟುಕೊಳ್ಳಬೇಡಿ. ಅದು ಎಲ್ಲ ಟನಲ್‌ಗಳಿಗೂ ಸೇರಿದ ಒಂದೇ ಬಾಗಿಲು. ಹೊರ ದಾರಿಯ ಅಳತೆಗೂ ಆ ಅಂಕಿಗೂ ಸಂಬಂಧವಿಲ್ಲ.

ಸರಿಯಾದ ಪರಿಹಾರ ವಿಎಂನ ಎಂಟಿಯು ಇಳಿಸುವುದು. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಇಂಟರ್‌ಫೇಸ್ ಭಾಗದಲ್ಲಿ ಎಂಟಿಯು ಸೈಜ್ 1450 ಎಂದು ಬರೆದರೆ ವರ್ಟಿಯೋ ಕಾರ್ಡ್ ಅದನ್ನು ಒಳಗಿನ ಓಎಸ್‌ಗೆ ತಿಳಿಸುತ್ತದೆ. ಡಿಎಚ್‌ಸಿಪಿ ಇದ್ದರೆ ಆಪ್ಷನ್ 26. ಟಿಸಿಪಿಯ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ಡೇಟಾದ ಮಿತಿ) ಅನ್ನು 1410ಕ್ಕೆ ಕ್ಲ್ಯಾಂಪ್ ಮಾಡುವ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮ ಹಲವರ ಮನೆಮದ್ದು. ತುರ್ತಿಗೆ ಸರಿ, ಆದರೆ ಅದು ಟಿಸಿಪಿಯನ್ನಷ್ಟೇ ಉಳಿಸುತ್ತದೆ. ದೊಡ್ಡ ಡಿಎನ್‌ಎಸ್ ಉತ್ತರ, ಕ್ವಿಕ್, ಯುಡಿಪಿ ಮೇಲಿನ ಯಾವುದಕ್ಕೂ ಅದು ತಾಗುವುದಿಲ್ಲ. ಬರೀ ಬ್ರಿಡ್ಜ್ ಮೂಲಕ ಹಾಯುವ ಟ್ರಾಫಿಕ್ ಐಪಿಟೇಬಲ್ಸ್‌ಗೆ ಹೋಗದ ಹೋಸ್ಟ್‌ನಲ್ಲಿ ನಿಯಮ ಇದ್ದೂ ಇಲ್ಲದಂತೆ.

ಪೋರ್ಟ್ ಎರಡಿವೆ

ಲಿನಕ್ಸ್ ಕರ್ನಲ್‌ಗೆ ವಿಎಕ್ಸ್‌ಲ್ಯಾನ್ ಬಂದದ್ದು 3.7ನೇ ಆವೃತ್ತಿಯಲ್ಲಿ, 2012ರ ಕೊನೆಗೆ. ಆಗ ಅಧಿಕೃತ ಪೋರ್ಟ್ ಇರಲಿಲ್ಲ, ಕರ್ನಲ್ 8472 ಹಿಡಿಯಿತು. ಆಮೇಲೆ 4789 ನಿಗದಿಯಾಯಿತು, 2014ರ ಆರ್‌ಎಫ್‌ಸಿ 7348ರಲ್ಲೂ ಅದೇ ಇದೆ. ಹಳೆಯ ಜೋಡಣೆಗಳು ಕೆಡಬಾರದೆಂದು ಕರ್ನಲ್ ತನ್ನ 8472 ಬಿಡಲಿಲ್ಲ. ಹೀಗಾಗಿ ಒಂದು ಕಡೆ ಓಪನ್ ವಿಸ್ವಿಚ್, ಇನ್ನೊಂದು ಕಡೆ ಕೈಯಿಂದ ಬರೆದ ಐಪಿ ಲಿಂಕ್ ಕಮಾಂಡ್ ಇದ್ದರೆ, ಡಿಎಸ್‌ಟಿಪೋರ್ಟ್ (ಕಳಿಸಬೇಕಾದ ಪೋರ್ಟ್) ಬರೆಯುವುದು ಮರೆತಿದ್ದರೆ, ಒಂದು 4789ಕ್ಕೆ ಕಳಿಸುತ್ತದೆ, ಇನ್ನೊಂದು 8472ರಲ್ಲಿ ಕಾಯುತ್ತದೆ.

ಇದನ್ನು ಹಿಡಿಯುವುದು ಸುಲಭ, ಏಕೆಂದರೆ ಇದು ಸುಳಿವು ಬಿಡುವ ಅಪರೂಪದ ತಪ್ಪು. ಕೇಳುವವರಿಲ್ಲದ ಪೋರ್ಟ್‌ಗೆ ಪ್ಯಾಕೆಟ್ ಬಂದರೆ ಆ ಹೋಸ್ಟ್ ಐಸಿಎಂಪಿ ‘ಪೋರ್ಟ್ ಅನ್‌ರೀಚಬಲ್’ ಕಳಿಸುತ್ತದೆ, ಜೊತೆಗೆ ಕರ್ನಲ್‌ನ ಎಣಿಕೆಗಳನ್ನು ತೋರಿಸುವ ಎನ್‌ಸ್ಟ್ಯಾಟ್‌ನಲ್ಲಿ ಯುಡಿಪಿನೋಪೋರ್ಟ್ಸ್ ಕೌಂಟರ್ ಏರುತ್ತದೆ. ಆದ್ದರಿಂದ ಈಥ್0ದ ಮೇಲೆ ಟಿಸಿಪಿಡಂಪ್ ಹಾಕುವಾಗ ಯುಡಿಪಿಯ ಜೊತೆ ಐಸಿಎಂಪಿಯನ್ನೂ ಸೇರಿಸಿ. ಐಪಿ ಕಮಾಂಡಿಗೆ ಡಿ ಆಯ್ಕೆ ಕೊಟ್ಟು ಲಿಂಕ್ ತೋರಿಸಿದರೆ ವಿಎನ್‌ಐ, ರಿಮೋಟ್, ಲೋಕಲ್, ಡಿಎಸ್‌ಟಿಪೋರ್ಟ್ ಎಲ್ಲ ಒಂದೇ ಸಾಲಿನಲ್ಲಿ ಕಾಣುತ್ತವೆ. ಎರಡೂ ಹೋಸ್ಟ್‌ನ ಆ ಸಾಲುಗಳನ್ನು ಒಂದರ ಕೆಳಗೊಂದು ಅಂಟಿಸಿ ಹೋಲಿಸಿ. ಎಸ್‌ಎಸ್ ಕಮಾಂಡಿನಲ್ಲಿ ಆ ಯುಡಿಪಿ ಪೋರ್ಟ್‌ನ ಎದುರು ಯಾವ ಪ್ರೋಗ್ರಾಮಿನ ಹೆಸರೂ ಇರುವುದಿಲ್ಲ. ಗಾಬರಿ ಬೇಡ, ಅದನ್ನು ತೆರೆದದ್ದು ಕರ್ನಲ್ಲೇ. ಟಿಸಿಪಿಡಂಪ್ 8472ರ ಪ್ಯಾಕೆಟ್ಟನ್ನು ಓಟಿವಿ ಎಂದು ತೋರಿಸಿದರೂ ಗಾಬರಿಯಾಗಬೇಡಿ. ಆ ಪೋರ್ಟನ್ನು ಅದು ಇನ್ನೊಂದು ಪ್ರೊಟೊಕಾಲ್‌ನದೆಂದು ತಿಳಿಯುತ್ತದೆ, ದೊಡ್ಡಕ್ಷರದ ಟಿ ಆಯ್ಕೆಗೆ ವಿಎಕ್ಸ್‌ಲ್ಯಾನ್ ಎಂದು ಕೊಟ್ಟರೆ ಸರಿಯಾಗಿ ಬಿಡಿಸುತ್ತದೆ.

ಪೋರ್ಟ್ ಸರಿ, ವಿಎನ್‌ಐ ತಪ್ಪು ಎಂದಾದರೆ ಈ ಸುಳಿವೂ ಇಲ್ಲ. ಪ್ಯಾಕೆಟ್ ಸಾಕೆಟ್‌ವರೆಗೆ ಬಂದು, ಆ ವಿಎನ್‌ಐನ ಇಂಟರ್‌ಫೇಸ್ ಸಿಗದೆ ಅಲ್ಲೇ ಸಾಯುತ್ತದೆ. ಜಿಆರ್‌ಇಯ ಕೀ ಹೊಂದದಿದ್ದರೂ ಪ್ಯಾಕೆಟ್ ಒಳಗೆ ಹೋಗುವುದಿಲ್ಲ.

ಫೈರ್‌ವಾಲ್ ಮತ್ತು ಹಿಂದಿರುಗದ ಉತ್ತರ

ಟಿಸಿಪಿಡಂಪ್ ಬಗ್ಗೆ ಒಂದು ಮಾತು ಮನಸ್ಸಿನಲ್ಲಿರಲಿ. ಒಳಬರುವ ಪ್ಯಾಕೆಟ್ ಅದಕ್ಕೆ ಕಾಣುವುದು ಐಪಿಟೇಬಲ್ಸ್ ನೋಡುವ ಮೊದಲು. ಹೊರಹೋಗುವುದು ಕಾಣುವುದು ಐಪಿಟೇಬಲ್ಸ್ ದಾಟಿದ ಮೇಲೆ. ಅಂದರೆ ಎರಡನೇ ಹೋಸ್ಟ್‌ನ ಈಥ್0ದಲ್ಲಿ ಪ್ಯಾಕೆಟ್ ಕಂಡಿತು ಎಂದರೆ ಕಾರ್ಡ್‌ಗೆ ಬಂತು ಎಂದಷ್ಟೇ ಅರ್ಥ, ಒಳಗೆ ಬಿಟ್ಟರು ಎಂದಲ್ಲ. ಈಥ್0ದಲ್ಲಿ ಕಂಡು ವಿಎಕ್ಸ್‌ಲ್ಯಾನ್100ರಲ್ಲಿ ಕಾಣದಿದ್ದರೆ ಅನುಮಾನ ನಾಲ್ಕರ ಮೇಲೆ: ಫೈರ್‌ವಾಲ್, ಪೋರ್ಟ್, ವಿಎನ್‌ಐ, ಆರ್‌ಪಿಫಿಲ್ಟರ್ (ಪ್ಯಾಕೆಟ್ ಬಂದ ದಾರಿಯನ್ನು ಮರಳುವ ದಾರಿಯೊಡನೆ ಹೋಲಿಸುವ ಕರ್ನಲ್ ತಪಾಸಣೆ).

‘ಹೊರಗೆ ಹೋಗಲು ಬಿಟ್ಟಿದ್ದೇವೆ, ಎಸ್ಟಾಬ್ಲಿಶ್ಡ್ ಉತ್ತರ ತಾನಾಗಿ ಬರುತ್ತದೆ’ ಎಂಬ ಮಾತು ಟನಲ್‌ಗೆ ನಡೆಯುವುದಿಲ್ಲ. ಕಾರಣ ಸ್ವಾರಸ್ಯಕರ. ವಿಎಕ್ಸ್‌ಲ್ಯಾನ್‌ನಲ್ಲಿ ಹೊರ ಸೋರ್ಸ್ ಪೋರ್ಟ್ ಅನ್ನು ಒಳ ಪ್ಯಾಕೆಟ್‌ನ ಹ್ಯಾಶ್‌ನಿಂದ ಆರಿಸುತ್ತಾರೆ, ನಡುವಿನ ರೂಟರ್‌ಗಳು ಹಲವು ದಾರಿಗಳಲ್ಲಿ ಹಂಚಲಿ ಎಂದು. ಮೊದಲ ಹೋಸ್ಟ್ 41022ರಿಂದ 4789ಕ್ಕೆ ಕಳಿಸಿತು ಎನ್ನಿ. ಎರಡನೆಯದು ಉತ್ತರವನ್ನು 4789ರಿಂದ 41022ಕ್ಕೆ ಕಳಿಸುವುದಿಲ್ಲ; 53377ರಂಥ ತನ್ನದೇ ಬೇರೊಂದು ಪೋರ್ಟ್‌ನಿಂದ ಮೊದಲನೆಯದರ 4789ಕ್ಕೆ ಕಳಿಸುತ್ತದೆ. ಕನೆಕ್ಷನ್ ಟ್ರ್ಯಾಕಿಂಗ್ ಪಟ್ಟಿ ತೆರೆದು ನೋಡಿದರೆ ಎರಡು ಬೇರೆ ಬೇರೆ ಸಾಲುಗಳು, ಎರಡರ ಮೇಲೂ ‘ಅನ್‌ರಿಪ್ಲೈಡ್’ ಎಂದೇ ಬರೆದಿರುತ್ತದೆ. ಟನಲ್ ಚೆನ್ನಾಗಿ ಓಡುತ್ತಿರುವಾಗಲೂ ಅದು ಹಾಗೇ ಇರುತ್ತದೆ. ಆದ್ದರಿಂದ ಎರಡೂ ಹೋಸ್ಟ್‌ನಲ್ಲಿ, ಕ್ಲೌಡ್ ಆದರೆ ಎರಡೂ ಸೆಕ್ಯೂರಿಟಿ ಗ್ರೂಪ್‌ನಲ್ಲಿ, ಒಳಬರುವ ಯುಡಿಪಿ 4789ಕ್ಕೆ ಸ್ಪಷ್ಟ ನಿಯಮ ಬೇಕು. ಜಿನೀವ್‌ಗೆ 6081. ನ್ಯಾಟ್ ಹಿಂದೆ ಕೂತ ಹೋಸ್ಟ್‌ಗೆ ಬರೀ ವಿಎಕ್ಸ್‌ಲ್ಯಾನ್ ಕೆಲಸ ಮಾಡದಿರುವುದಕ್ಕೂ ಕಾರಣ ಇದೇ. ಅಂಥಲ್ಲಿ ಕೆಳಗೆ ವೈರ್‌ಗಾರ್ಡ್ ಹಾಕಿ, ಕೀಪ್‌ಅಲೈವ್ 25 ಸೆಕೆಂಡ್ ಇಟ್ಟು, ಅದರ ಮೇಲೆ ವಿಎಕ್ಸ್‌ಲ್ಯಾನ್ ಹೂಡಿ.

ಜಿಆರ್‌ಇ ಬಳಸುವವರು ಇನ್ನೊಂದು ನೋಡಬೇಕು. ಅದು ಐಪಿ ಪ್ರೊಟೊಕಾಲ್ 47, ಅದಕ್ಕೆ ಪೋರ್ಟೇ ಇಲ್ಲ. ಟಿಸಿಪಿ ಮತ್ತು ಯುಡಿಪಿಯ ಎಲ್ಲ ಪೋರ್ಟ್ ತೆರೆದರೂ ಜಿಆರ್‌ಇಗೆ ಬಾಗಿಲು ತೆರೆದಂತಾಗುವುದಿಲ್ಲ.

ಆರ್‌ಪಿಫಿಲ್ಟರ್ ಕಾಡುವುದು ಎರಡು ಕಾರ್ಡ್ ಇರುವ ಹೋಸ್ಟ್‌ನಲ್ಲಿ. ಪ್ಯಾಕೆಟ್ ಈಥ್1ರಿಂದ ಬಂತು, ಆದರೆ ಕಳಿಸಿದವರಿಗೆ ಮರಳುವ ರೂಟ್ ಈಥ್0 ಎನ್ನುತ್ತದೆ. ಬೆಲೆ 1 ಇದ್ದರೆ ಕರ್ನಲ್ ಎಸೆಯುತ್ತದೆ. ಎನ್‌ಸ್ಟ್ಯಾಟ್‌ನ ಐಪಿರಿವರ್ಸ್‌ಪಾತ್‌ಫಿಲ್ಟರ್ ಕೌಂಟರ್ ಏರುತ್ತಿದ್ದರೆ ಇದೇ. ಈಥ್1ಕ್ಕೆ 0 ಬರೆದೆ, ಆದರೂ ಸರಿಹೋಗಲಿಲ್ಲ ಎನ್ನುವವರು ‘ಆಲ್’ ಅಡಿಯ ಬೆಲೆ ನೋಡಿ. ಎರಡರಲ್ಲಿ ದೊಡ್ಡದೇ ಜಾರಿಯಾಗುತ್ತದೆ. ಅದಕ್ಕೇ 0 ಬರೆಯುವುದಕ್ಕಿಂತ ಈಥ್1ಕ್ಕೆ 2 (ಸಡಿಲ ತಪಾಸಣೆ) ಬರೆಯುವುದು ಸರಿ.

ಇನ್ನೊಂದು, ಹೊರಗಲ್ಲ, ಬ್ರಿಡ್ಜ್‌ನಲ್ಲೇ ಇರುವ ಫೈರ್‌ವಾಲ್. ಅದೇ ಹೋಸ್ಟ್‌ನಲ್ಲಿ ಡಾಕರ್ ಹಾಕಿದ ದಿನದಿಂದ ವಿಎಂಗಳು ಮಾತು ನಿಲ್ಲಿಸಿದವು ಎಂದರೆ ಮೊದಲು ಇಲ್ಲಿ ನೋಡಿ. ಬ್ರಿಡ್ಜ್-ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆಗಿ, ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್ ಬೆಲೆ 1 ಆಗಿದ್ದರೆ ಬ್ರಿಡ್ಜ್‌ನೊಳಗೆ ಹಾಯುವ ಫ್ರೇಮ್ ಕೂಡ ಫಾರ್ವರ್ಡ್ ಸರಪಳಿಗೆ ಹೋಗುತ್ತದೆ. ಡಾಕರ್ ಆ ಸರಪಳಿಯ ಪಾಲಿಸಿಯನ್ನು ಡ್ರಾಪ್ ಮಾಡಿಟ್ಟಿರುತ್ತದೆ. ವಿನೆಟ್0ದಲ್ಲಿ ಪ್ಯಾಕೆಟ್ ಇದೆ, ವಿಎಕ್ಸ್‌ಲ್ಯಾನ್100ರಲ್ಲಿ ಇಲ್ಲ, ಚಿಕ್ಕದೂ ಹೋಗುವುದಿಲ್ಲ. ಐಪಿ ವಿಳಾಸದವರ ಮ್ಯಾಕ್ ವಿಳಾಸ ಕೇಳುವ ಎಆರ್‌ಪಿ ಮಾತ್ರ ಹೋಗುತ್ತದೆ, ಏಕೆಂದರೆ ಅದು ಐಪಿ ಅಲ್ಲ. ‘ಎಆರ್‌ಪಿ ಆಗುತ್ತದೆ, ಪಿಂಗ್ ಆಗುವುದಿಲ್ಲ’ ಎಂಬ ಜೋಡಿ ಲಕ್ಷಣ ಕಂಡಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಬೆಲೆಯನ್ನು 0 ಮಾಡಬಹುದು. ಹೋಸ್ಟ್‌ನಲ್ಲಿ ಕುಬರ್ನೆಟೀಸ್ ಇದ್ದರೆ ಅದಕ್ಕೆ 1 ಬೇಕಾಗಬಹುದು, ಆಗ ಡಾಕರ್-ಯೂಸರ್ ಸರಪಳಿಯಲ್ಲಿ ಬಿಆರ್0ದಿಂದ ಬಿಆರ್0ಗೆ ಹೋಗುವುದನ್ನು ಬಿಡುವ ನಿಯಮ ಸೇರಿಸಿ.

ಯಾರ ಮ್ಯಾಕ್ ಎಲ್ಲಿದೆ

ಯಾವ ಮ್ಯಾಕ್ (ಕಾರ್ಡ್‌ನ ವಿಳಾಸ) ಎಲ್ಲಿದೆ ಎಂಬ ಪಟ್ಟಿಯೇ ಎಫ್‌ಡಿಬಿ. ಅದನ್ನು ನೋಡಲು ಬ್ರಿಡ್ಜ್ ಎಫ್‌ಡಿಬಿ ಶೋ ಕಮಾಂಡಿಗೆ ಡೆವ್ ವಿಎಕ್ಸ್‌ಲ್ಯಾನ್100 ಎಂದು ಕೊಡಿ. ಎರಡು ಬಗೆಯ ಸಾಲು ಕಾಣಬೇಕು. 52:54:00ರಿಂದ ಶುರುವಾಗುವ ಆಚೆ ವಿಎಂನ ಮ್ಯಾಕ್, ಅದರ ಮುಂದೆ ಡಿಎಸ್‌ಟಿ 192.0.2.22. ಇನ್ನೊಂದು, ಎಲ್ಲವೂ ಸೊನ್ನೆಯಾದ ಮ್ಯಾಕ್. ಗುರುತಿಲ್ಲದ ಮ್ಯಾಕ್ ಮತ್ತು ಬ್ರಾಡ್‌ಕಾಸ್ಟ್ ಎಲ್ಲಿಗೆ ಹೋಗಬೇಕು ಎಂದು ಹೇಳುವ ಸಾಲು. ರಿಮೋಟ್ ಕೊಟ್ಟು ಟನಲ್ ಮಾಡಿದ್ದರೆ ಸೊನ್ನೆ ಸಾಲು ತಾನಾಗಿ ಇರುತ್ತದೆ, ಇಲ್ಲದಿದ್ದರೆ ಕೈಯಿಂದ ಹಾಕಬೇಕು.

ಸೊನ್ನೆ ಸಾಲು ಒಂದೇ ಕಡೆ ಇದ್ದರೆ ಏನಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ, ಏಕೆಂದರೆ ‘ಒಮ್ಮೊಮ್ಮೆ ಕೆಲಸ ಮಾಡುತ್ತದೆ’ ಎಂಬ ದೂರುಗಳಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಮೊದಲ ಹೋಸ್ಟ್‌ನಲ್ಲಿ ಸಾಲು ಇದೆ, ಎರಡನೆಯದರಲ್ಲಿ ಇಲ್ಲ. ಮೊದಲ ವಿಎಂ ಪಿಂಗ್ ಶುರುಮಾಡಿತು. ಅದರ ಎಆರ್‌ಪಿ ಪ್ರಶ್ನೆ ಬ್ರಾಡ್‌ಕಾಸ್ಟ್ ಆಗಿ ಆಚೆ ಸೇರಿತು. ಎರಡನೇ ಹೋಸ್ಟ್ ಹೊರ ವಿಳಾಸ ನೋಡಿ, ಈ ಮ್ಯಾಕ್ 192.0.2.11ರ ಹಿಂದಿದೆ ಎಂದು ಕಲಿತುಕೊಂಡಿತು. ಉತ್ತರ ಯುನಿಕಾಸ್ಟ್, ನೇರ ಬಂತು. ಎಲ್ಲ ಚೆಂದ. ಎರಡನೇ ವಿಎಂನಿಂದ ಈಗ ಪಿಂಗ್ ಮಾಡಿದರೂ ಹೋಗುತ್ತದೆ, ಕಲಿತದ್ದು ಇದೆಯಲ್ಲ. ಎರಡೂ ಸುಮ್ಮನಿದ್ದು 300 ಸೆಕೆಂಡ್ ಕಳೆದರೆ ಆ ಸಾಲು ಹಳತಾಗಿ ಅಳಿಯುತ್ತದೆ. ಆಮೇಲೆ ಎರಡನೇ ವಿಎಂ ತಾನಾಗಿ ಮಾತು ಶುರುಮಾಡಿದರೆ ಪ್ಯಾಕೆಟ್ ಎಲ್ಲಿಗೆ ಕಳಿಸಬೇಕೆಂದು ಹೋಸ್ಟ್‌ಗೆ ಗೊತ್ತಿಲ್ಲ. ಮೊದಲ ವಿಎಂ ಯಾವಾಗಲೋ ಒಂದು ಪ್ಯಾಕೆಟ್ ಕಳಿಸಿದ ಕೂಡಲೇ ಮತ್ತೆ ಸರಿ. ನೋಡುವವರಿಗೆ ಇದು ತಾನಾಗಿ ಕೆಟ್ಟು ತಾನಾಗಿ ಸರಿಹೋಗುವ ತೊಂದರೆ.

ಹೋಸ್ಟ್‌ಗಳು ಮೂರಾದಾಗ ಸೊನ್ನೆ ಸಾಲನ್ನು ಎರಡನೇ ಸಲ ‘ಆ್ಯಡ್’ ಎಂದು ಹಾಕಿದರೆ ಈಗಾಗಲೇ ಇದೆ ಎಂಬ ಎರರ್ ಬರುತ್ತದೆ. ‘ರಿಪ್ಲೇಸ್’ ಎಂದರೆ ಸೊನ್ನೆ ಸಾಲಿಗೆ ಅದನ್ನು ಕರ್ನಲ್ ಒಪ್ಪುವುದಿಲ್ಲ. ಇಲ್ಲಿ ಬೇಕಾದ್ದು ‘ಅಪೆಂಡ್’. ಕೈಯಿಂದ ಹಾಕಿದ ಈ ಸಾಲುಗಳು ರೀಬೂಟ್ ಆದರೆ ಉಳಿಯುವುದಿಲ್ಲ, ನೆಟ್‌ವರ್ಕ್ ಎದ್ದ ಮೇಲೆ ಹಾಕುವ ಸ್ಕ್ರಿಪ್ಟ್‌ನಲ್ಲಿ ಬರೆದಿಡಿ.

ಮೂರನೇ ಹೋಸ್ಟ್ ಸೇರಿಸಿದ ಕೂಡಲೇ ಎಲ್ಲ ಒಟ್ಟಿಗೆ ಬಿದ್ದು, ಸಿಪಿಯು ಪೂರ್ತಿ ಸಾಫ್ಟ್‌ಐಆರ್‌ಕ್ಯೂನಲ್ಲಿ (ಕರ್ನಲ್ ಪ್ಯಾಕೆಟ್ ನಿಭಾಯಿಸುವ ಕೆಲಸ) ಮುಳುಗಿದರೆ ಅದು ಲೂಪ್. ಜಿಆರ್‌ಇ ಟ್ಯಾಪ್ ಅಥವಾ ಓಪನ್ ವಿಸ್ವಿಚ್‌ನಲ್ಲಿ ಪ್ರತಿ ಹೋಸ್ಟ್‌ಗೂ ಬೇರೆ ಬೇರೆ ಟನಲ್ ಪೋರ್ಟ್ ಮಾಡಿ ತ್ರಿಕೋನ ಕಟ್ಟಿದರೆ, ಒಂದು ಟನಲ್‌ನಿಂದ ಬಂದ ಬ್ರಾಡ್‌ಕಾಸ್ಟ್ ಇನ್ನೊಂದು ಟನಲ್‌ಗೆ ಹೋಗಿ, ಸುತ್ತಿ, ಮತ್ತೆ ಬರುತ್ತದೆ. ಈಥರ್ನೆಟ್ ಫ್ರೇಮ್‌ಗೆ ಟಿಟಿಎಲ್ ಇಲ್ಲ, ಸುತ್ತುವುದು ನಿಲ್ಲುವುದಿಲ್ಲ. ಲೂಪ್ ತಡೆಯುವ ಎಸ್‌ಟಿಪಿ ಹಾಕಿದರೆ ಒಂದು ಕೊಂಡಿ ಸುಮ್ಮನಾಗುತ್ತದೆ, ಆದರೆ ಟ್ರಾಫಿಕ್ ಸುತ್ತು ಹಾದಿ ಹಿಡಿಯುತ್ತದೆ. ಕರ್ನಲ್‌ನ ಒಂದೇ ವಿಎಕ್ಸ್‌ಲ್ಯಾನ್ ಇಂಟರ್‌ಫೇಸ್‌ಗೆ ಹಲವು ಡಿಎಸ್‌ಟಿ ಕೊಡುವ ಕ್ರಮ ಇದಕ್ಕಿಂತ ಮೇಲು: ಬಂದ ಪೋರ್ಟ್‌ಗೇ ಬ್ರಿಡ್ಜ್ ಮರಳಿ ಕಳಿಸುವುದಿಲ್ಲ, ಲೂಪ್ ಹುಟ್ಟುವುದೇ ಇಲ್ಲ. ಓಪನ್ ವಿಸ್ವಿಚ್‌ನಲ್ಲೇ ಇರಬೇಕೆಂದರೆ ಟನಲ್‌ನಿಂದ ಬಂದದ್ದನ್ನು ಇನ್ನೊಂದು ಟನಲ್‌ಗೆ ಬಿಡದ ಫ್ಲೋ ನಿಯಮ ಬರೆಯಿರಿ.

ಮಲ್ಟಿಕಾಸ್ಟ್ ಗುಂಪಿನ ಮೇಲೆ ಟನಲ್ ಕಟ್ಟಿದವರಿಗೆ ಎರಡು ವಿಷಯ. ಹೊರ ಮಲ್ಟಿಕಾಸ್ಟ್‌ನ ಟಿಟಿಎಲ್ ತಾನಾಗಿ 1 ಇರುತ್ತದೆ, ರೂಟರ್ ದಾಟಬೇಕೆಂದರೆ ಹೆಚ್ಚಿಸಿ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಗುಂಪಿನಲ್ಲಿ ಯಾರಿದ್ದಾರೆ ಎಂದು ಗಮನಿಸುವುದು) ಇದ್ದು ಕ್ವೆರಿಯರ್ (ಸದಸ್ಯರು ಇದ್ದಾರೆಯೇ ಎಂದು ಆಗಾಗ ಕೇಳುವ ಸಾಧನ) ಯಾರೂ ಇಲ್ಲದಿದ್ದರೆ, ಸದಸ್ಯತ್ವದ ಅವಧಿ ಮುಗಿದ ಮೇಲೆ, ಸಾಮಾನ್ಯವಾಗಿ 260 ಸೆಕೆಂಡ್‌ಗೆ, ಸ್ವಿಚ್ ಆ ಗುಂಪಿಗೆ ಕಳಿಸುವುದನ್ನು ನಿಲ್ಲಿಸುತ್ತದೆ.

ನಕಲು ಮ್ಯಾಕ್ ಕೂಡ ಇಲ್ಲೇ ಬರುತ್ತದೆ. ವಿಎಂ ಕ್ಲೋನ್ ಮಾಡಿ ಮ್ಯಾಕ್ ಬದಲಿಸದಿದ್ದರೆ ಎಫ್‌ಡಿಬಿ ಸಾಲು ಈ ಕಡೆ ಆ ಕಡೆ ಓಲಾಡುತ್ತದೆ. ಇದು ಎಲ್ಲರಿಗೂ ಹೊಳೆಯುತ್ತದೆ. ಹೋಸ್ಟ್‌ನ ಕ್ಲೋನ್ ಹೊಳೆಯುವುದಿಲ್ಲ. ಸಿಸ್ಟಮ್‌ಡಿ ಇರುವ ಹಲವು ವಿತರಣೆಗಳಲ್ಲಿ ಬ್ರಿಡ್ಜ್, ವಿಎಕ್ಸ್‌ಲ್ಯಾನ್‌ನಂಥ ಇಂಟರ್‌ಫೇಸ್‌ನ ಮ್ಯಾಕ್ ಅನ್ನು ಮಷೀನ್-ಐಡಿ ಮತ್ತು ಇಂಟರ್‌ಫೇಸ್ ಹೆಸರಿನಿಂದ ಲೆಕ್ಕ ಹಾಕುತ್ತಾರೆ. ಒಂದೇ ಇಮೇಜಿನಿಂದ ಎದ್ದ ಎರಡು ಹೋಸ್ಟ್‌ಗೆ ಮಷೀನ್-ಐಡಿ ಒಂದೇ ಇದ್ದು, ಎರಡರಲ್ಲೂ ಬಿಆರ್0 ಎಂದೇ ಹೆಸರಿದ್ದರೆ, ಎರಡು ಬ್ರಿಡ್ಜ್‌ಗೂ ಒಂದೇ ಮ್ಯಾಕ್. ವಿಎಂಗಳು ಪರಸ್ಪರ ಮಾತಾಡುತ್ತವೆ, ಬಿಆರ್0ದ ಮೇಲೆ ಐಪಿ ಕೊಟ್ಟುಕೊಂಡ ಹೋಸ್ಟ್‌ಗಳು ಮಾತ್ರ ಟನಲ್ ಮೂಲಕ ಒಂದನ್ನೊಂದು ಕಾಣುವುದಿಲ್ಲ. ಇಮೇಜ್ ಮಾಡುವ ಮೊದಲು ಮಷೀನ್-ಐಡಿ ಫೈಲ್ ಖಾಲಿ ಮಾಡಿ.

ಚೆಕ್‌ಸಮ್

ಎಲ್ಲ ಸರಿ ಇದೆ. ಪಿಂಗ್ ಯಾವ ಅಳತೆಗೂ ಹೋಗುತ್ತದೆ. ಟಿಸಿಪಿ ಮಾತ್ರ ಶುರುವೇ ಆಗುವುದಿಲ್ಲ: ಸಿನ್ ಪ್ಯಾಕೆಟ್ ಆಚೆ ವಿಎಂನ ಒಳಗೂ ಕಾಣುತ್ತದೆ, ಉತ್ತರ ಬರುವುದಿಲ್ಲ. ಆಚೆ ವಿಎಂನಲ್ಲಿ ಎನ್‌ಸ್ಟ್ಯಾಟ್‌ನ ಟಿಸಿಪಿಇನ್‌ಸಿಸಮ್‌ಎರರ್ಸ್ ಕೌಂಟರ್ ನೋಡಿ. ಅದು ಪ್ರತಿ ಪ್ರಯತ್ನಕ್ಕೂ ಏರುತ್ತಿದ್ದರೆ ಒಳ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೆಂದು ಪರೀಕ್ಷಿಸುವ ಮೊತ್ತ) ಕೆಟ್ಟು ಬರುತ್ತಿದೆ. ಒಳ ಪ್ಯಾಕೆಟ್‌ನ ಚೆಕ್‌ಸಮ್ ಅನ್ನು ಕಾರ್ಡ್ ತುಂಬುತ್ತದೆ ಎಂದು ಕರ್ನಲ್ ನಂಬಿತು, ಕಾರ್ಡ್ ಅಥವಾ ಅದರ ಡ್ರೈವರ್ ತುಂಬಲಿಲ್ಲ. ಟನಲ್ ಕಟ್ಟಿದ ಹೋಸ್ಟೇ ಇನ್ನೊಂದು ಹೈಪರ್‌ವೈಸರ್ ಮೇಲಿನ ವಿಎಂ ಆಗಿದ್ದಾಗ ಈ ಅನುಮಾನ ಬೇಗ ಬರಲಿ.

ಕಳಿಸುವ ಕಡೆಯ ಟಿಸಿಪಿಡಂಪ್ ನೋಡಿ ಚೆಕ್‌ಸಮ್ ತಪ್ಪು ಎಂದು ತೀರ್ಮಾನಿಸಬೇಡಿ. ಆಫ್‌ಲೋಡ್ (ಈ ಕೆಲಸವನ್ನು ಕಾರ್ಡ್‌ಗೆ ಬಿಡುವುದು) ಇದ್ದಾಗ ಅಲ್ಲಿ ಯಾವಾಗಲೂ ತಪ್ಪೆಂದೇ ಕಾಣುತ್ತದೆ, ಏಕೆಂದರೆ ತುಂಬುವ ಕೆಲಸ ಇನ್ನೂ ಮುಂದಿದೆ. 1500ಕ್ಕಿಂತ ಎಷ್ಟೋ ದೊಡ್ಡ ಪ್ಯಾಕೆಟ್ ಅಲ್ಲಿ ಕಾಣುವುದೂ ಇದೇ ಕಾರಣಕ್ಕೆ, ತಂತಿಯ ಮೇಲೆ ಅವು ಹಾಗೆ ಹೋಗುವುದಿಲ್ಲ. ತೀರ್ಪು ಏನಿದ್ದರೂ ಪಡೆಯುವ ಕಡೆಯದು.

ಇಥ್‌ಟೂಲ್‌ನ ದೊಡ್ಡಕ್ಷರದ ಕೆ ಆಯ್ಕೆಯಿಂದ ವಿಎಕ್ಸ್‌ಲ್ಯಾನ್100ರ ಟಿಎಕ್ಸ್ ಚೆಕ್‌ಸಮ್ ಆಫ್‌ಲೋಡ್ ಆಫ್ ಮಾಡಿ ಮತ್ತೆ ಪ್ರಯತ್ನಿಸಿ. ಆಗ ಸರಿಹೋದರೆ ಕಾರಣ ಸಿಕ್ಕಿತು. ಆಗದಿದ್ದರೆ ಈಥ್0ದ ಟಿಎಕ್ಸ್-ಯುಡಿಪಿ-ಟಿಎನ್‌ಎಲ್-ಸೆಗ್ಮೆಂಟೇಶನ್ ಆಫ್ ಮಾಡಿ ನೋಡಿ. ಒಂದೊಂದಾಗಿ ಆಫ್ ಮಾಡಿ, ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದರೆ ತಪ್ಪಿತಸ್ಥ ಯಾವುದೆಂದು ಗೊತ್ತಾಗುವುದಿಲ್ಲ, ಆಮೇಲೆ ಹೆದರಿಕೆಗೆ ಎಲ್ಲವೂ ಆಫ್ ಆಗಿಯೇ ಉಳಿದು ವೇಗ ಬೀಳುತ್ತದೆ. ಕರ್ನಲ್ ಅಥವಾ ಡ್ರೈವರ್ ಮೇಲ್ದರ್ಜೆಗೇರಿಸಿದ ದಿನ ಮತ್ತೆ ಆನ್ ಮಾಡಿ ಪರೀಕ್ಷಿಸಿ.

ಸರಿಹೋಯಿತು ಎನ್ನುವ ಮೊದಲು

ಒಂದು ಪಿಂಗ್ ಬಂದ ಕೂಡಲೇ ಟರ್ಮಿನಲ್ ಮುಚ್ಚಬೇಡಿ. ಎರಡೂ ವಿಎಂಗಳಿಂದ, ಎರಡೂ ದಿಕ್ಕಿನಲ್ಲಿ, ಈಗ ಇಟ್ಟಿರುವ ಎಂಟಿಯುಗೆ ತಕ್ಕ ತುಂಡಾಗದ ಪಿಂಗ್ ಹೊಡೆಯಿರಿ. 1450ಕ್ಕೆ ಅದು 1422. ಐಪರ್ಫ್3 ಅನ್ನು 30 ಸೆಕೆಂಡ್ ಓಡಿಸಿ, ಆಮೇಲೆ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ತಿರುಗುಮುರುಗಾಗಿ ಇನ್ನೊಮ್ಮೆ ಓಡಿಸಿ, ರಿಟ್ರಾನ್ಸ್‌ಮಿಟ್ ಕಾಲಂ ನೋಡಿ. ಆಮೇಲೆ ಎರಡೂ ವಿಎಂಗಳನ್ನು ಆರು ನಿಮಿಷ ಸುಮ್ಮನೆ ಬಿಡಿ. ಎಫ್‌ಡಿಬಿಯಲ್ಲಿ ಕಲಿತ ಸಾಲು ಅಳಿದಿದೆ ಎಂದು ಎರಡೂ ಹೋಸ್ಟ್‌ನಲ್ಲಿ ಖಾತ್ರಿ ಮಾಡಿಕೊಂಡು, ವಿಎಂಗಳ ನೆರೆಹೊರೆ ಪಟ್ಟಿಯನ್ನೂ ಅಳಿಸಿ, ಈ ಸಲ ಎರಡನೇ ವಿಎಂನಿಂದ ಮೊದಲು ಪಿಂಗ್ ಮಾಡಿ. ಕೊನೆಗೆ ಒಂದು ಹೋಸ್ಟನ್ನು ರೀಬೂಟ್ ಮಾಡಿ, ಅದು ಎದ್ದ ಮೇಲೆ ಯಾವ ಕಮಾಂಡೂ ಹೊಡೆಯದೆ ಇದನ್ನೇ ಮತ್ತೆ ಮಾಡಿ ನೋಡಿ.